ಹೊಸ ಗಾಡಿನಾ, ಹೊಸ ಮೂತಿನಾ? ಫೇಸ್‌ಲಿಫ್ಟ್ ಸೆಡಾನ್ ಕೊಳ್ಳುವ ಮುಂಚೆ ಬಳ್ಳಾರಿ, ರಾಯಚೂರು, ಕೊಪ್ಪಳದವರು ನೋಡಬೇಕಾದ್ದು

ಹೋದ ತಿಂಗಳು ಸಿಂಧನೂರಿನಿಂದ ನಮ್ಮ ದೊಡ್ಡಪ್ಪನ ಮಗ ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಿದ. ಎರಡೂ ಒಂದೇ ಹೆಸರಿನ ಸೆಡಾನ್, ಅಂದರೆ ಹಿಂದೆ ಡಿಕ್ಕಿ ಚಾಚಿದ ಕಾರು. ಒಂದಕ್ಕೆ ಹಳೇ ಗ್ರಿಲ್, ಇನ್ನೊಂದಕ್ಕೆ ಅಗಲವಾದ ಹೊಸ ಗ್ರಿಲ್, ತೆಳ್ಳಗಿನ ಎಲ್‌ಇಡಿ ದೀಪ. ಕೆಳಗೆ ಒಂದು ಸಾಲು: "ಅಣ್ಣಾ, ಇದು ಹೊಸ ಗಾಡಿನಾ, ಹಳೇ ಗಾಡಿಗೆ ಹೊಸ ಮೂತಿನಾ? ಹಳೇದಕ್ಕೆ ರೇಟ್ ಇಳಿಸಿದಾರ, ತಗೊಳ್ಳಲಾ?"

ಇದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ. ಶೋರೂಮಿನಲ್ಲಿ ಯಾರೂ ಇದನ್ನು ಇಷ್ಟು ನೇರವಾಗಿ ಹೇಳುವುದಿಲ್ಲ. "ಆಲ್ ನ್ಯೂ ಸಾರ್" ಅಂತಾರೆ, ನಾವು ದೀಪ ನೋಡುತ್ತಾ ನಿಂತುಬಿಡುತ್ತೇವೆ. ಅವನಿಗೆ ಫೋನಿನಲ್ಲಿ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಹತ್ತು-ಹದಿನೈದು ಲಕ್ಷ ಅಂದರೆ ನಮ್ಮ ಕಡೆ ಒಂದು ಮನೆಯ ಎಷ್ಟೋ ವರ್ಷದ ಉಳಿತಾಯ. ಅದು ಬಂಪರಿನ ಆಕಾರಕ್ಕೆ ಹೋಗಬಾರದು.

ಮೊದಲ ಹೆಜ್ಜೆ: ಏನು ಬದಲಾಗಿದೆ ಅಂತ ಒಂದು ಹಾಳೆ ಮೇಲೆ ಬರೆಯಿರಿ

ಒಂದು ಕಾರಿನ ಮಾದರಿ ಬಂದು ಮೂರ್ನಾಲ್ಕು ವರ್ಷ ಆಗುವಷ್ಟರಲ್ಲಿ ಮಾರಾಟ ಇಳಿಯುತ್ತದೆ. ಪೂರ್ತಿ ಹೊಸ ಕಾರು ಮಾಡಲು ಹಣವೂ ಬೇಕು, ಸಮಯವೂ ಬೇಕು. ಹಾಗಾಗಿ ಕಂಪನಿಗಳು ನಡುವೆ ಒಮ್ಮೆ ಕಾರನ್ನು ತಿದ್ದಿ ಮತ್ತೆ ಬಿಡುತ್ತವೆ. ಇದೇ ಫೇಸ್‌ಲಿಫ್ಟ್. ತಳ, ಚೌಕಟ್ಟು ಎಲ್ಲ ಬದಲಾದರೆ ಅದು ಹೊಸ ಜನರೇಷನ್. ಎರಡೂ ಬೇರೆ ಬೇರೆ, ಆದರೆ ಹೆಸರು ಒಂದೇ ಇರುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ.

ಹ್ಯುಂಡೈ ವರ್ನಾ ನೋಡಿ. 2017ರಲ್ಲಿ ಒಂದು ಜನರೇಷನ್ ಬಂತು, 2020ರಲ್ಲಿ ಅದಕ್ಕೆ ಫೇಸ್‌ಲಿಫ್ಟ್ ಆಯಿತು, 2023ರ ಮಾರ್ಚ್‌ನಲ್ಲಿ ಪೂರ್ತಿ ಹೊಸ ಜನರೇಷನ್ ಬಂತು. ಹೋಂಡಾ ಸಿಟಿಯ ಐದನೇ ಜನರೇಷನ್ ಬಂದದ್ದು 2020ರ ಜುಲೈನಲ್ಲಿ, ಅದರ ಫೇಸ್‌ಲಿಫ್ಟ್ 2023ರ ಮಾರ್ಚ್‌ನಲ್ಲಿ. ಅಂದರೆ ಹೆಚ್ಚುಕಮ್ಮಿ ಮೂರು ವರ್ಷಕ್ಕೊಂದು ಸುತ್ತು. ನೀವು ಕೊಳ್ಳುವ ಗಾಡಿ ಈ ಸುತ್ತಿನಲ್ಲಿ ಎಲ್ಲಿದೆ ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲ ಫೇಸ್‌ಲಿಫ್ಟೂ ಒಂದೇ ತೂಕದ್ದಲ್ಲ. ಅಮೆರಿಕದಲ್ಲಿ ಮಿಡ್-ಸೈಜ್ ಸೆಡಾನ್ ಅಂದರೆ ಟೊಯೊಟಾ ಕ್ಯಾಮ್ರಿಯಂಥ ಗಾಡಿ. 2014ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಆಟೋ ಶೋನಲ್ಲಿ 2015ರ ಕ್ಯಾಮ್ರಿ ತೋರಿಸಿದರು. ಅದು ಹೊಸ ಜನರೇಷನ್ ಅಲ್ಲ, ನಡುವಿನ ತಿದ್ದುಪಡಿ. ಆದರೆ 2000ಕ್ಕೂ ಜಾಸ್ತಿ ಬಿಡಿಭಾಗ ಬದಲಾಗಿದ್ದವು. ಹೊರಗಿನ ತಗಡಿನಲ್ಲಿ ಹಳೇದಾಗಿ ಉಳಿದದ್ದು ಹೆಚ್ಚುಕಮ್ಮಿ ಮೇಲ್ಛಾವಣಿ ಮಾತ್ರ. ಬಾಗಿಲ ಚೌಕಟ್ಟಿನ ಸುತ್ತ ವೆಲ್ಡಿಂಗ್ ಚುಕ್ಕೆ ಜಾಸ್ತಿ ಮಾಡಿ ಬಾಡಿಯನ್ನು ಬಿಗಿ ಮಾಡಿದರು, ಸಸ್ಪೆನ್ಷನ್ ತಿದ್ದಿದರು. ಆದರೂ ಎಂಜಿನ್ ಎರಡೂ ಹಳೇವೇ: 2.5 ಲೀಟರಿನ ನಾಲ್ಕು ಸಿಲಿಂಡರಿನದು, 3.5 ಲೀಟರಿನ ವಿ6.

ಈಗ ನಮ್ಮ 2020ರ ವರ್ನಾ ಪಕ್ಕಕ್ಕೆ ಇಡಿ. ಹೊರಗಿನ ಬದಲಾವಣೆ ಹೆಚ್ಚಾಗಿ ಗ್ರಿಲ್ಲು, ಬಂಪರು, ದೀಪದಲ್ಲಿ. ಬಾನೆಟ್ ಎತ್ತಿದರೆ ಲೋಕವೇ ಬೇರೆ. ಹಳೇ 1.6 ಲೀಟರ್ ಪೆಟ್ರೋಲ್, ಡೀಸೆಲ್ ಎರಡೂ ಹೋಗಿ 1.5 ಲೀಟರಿನ ಪೆಟ್ರೋಲ್, 1.5ರ ಡೀಸೆಲ್, ಜೊತೆಗೆ 1.0 ಲೀಟರಿನ ಟರ್ಬೊ ಬಂದಿದ್ದವು. 2023ರ ಹೋಂಡಾ ಸಿಟಿ ಮೂರನೇ ಬಗೆ. ಪೆಟ್ರೋಲ್ ಎಂಜಿನ್ ಅದೇ 1.5 ಲೀಟರ್, ಆದರೆ ಡೀಸೆಲ್ ನಿಂತೇಹೋಯಿತು. ಗಾಜಿನ ಹಿಂದೆ ಕ್ಯಾಮೆರಾ ಕೂರಿಸಿ, ಎದುರು ಅಡ್ಡ ಬಂದರೆ ತಾನೇ ಬ್ರೇಕ್ ಹಾಕುವಂಥ ಸವಲತ್ತು ಪೆಟ್ರೋಲ್ ಗಾಡಿಗೂ ಬಂತು.

ಮೂರಕ್ಕೂ ಕರೆಯುವುದು ಒಂದೇ ಪದ. ಒಂದರಲ್ಲಿ ಮೈ ಹೊಸದು ಎದೆ ಹಳೇದು, ಇನ್ನೊಂದರಲ್ಲಿ ಎದೆಯೇ ಹೊಸದು, ಮತ್ತೊಂದರಲ್ಲಿ ಒಂದು ಆಯ್ಕೆ ಹೋಗಿ ಇನ್ನೊಂದು ಸವಲತ್ತು ಬಂತು.

ಹಾಗಾಗಿ ಹೀಗೆ ಮಾಡಿ. ಹಳೇ ಮಾದರಿಯ ಬ್ರೋಷರ್, ಹೊಸದರ ಬ್ರೋಷರ್ ಎರಡೂ ತರಿಸಿಕೊಳ್ಳಿ. ಬಣ್ಣದ ಫೋಟೋ ಇರುವ ಪುಟ ಬಿಡಿ, ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಅಳತೆ, ಎಂಜಿನ್, ಟೈರ್ ಅಂತ ಪಟ್ಟಿ ಇರುತ್ತದೆ. ಅದನ್ನು ಇಟ್ಟುಕೊಂಡು ಹಾಳೆ ಮೇಲೆ ನಾಲ್ಕು ಕಲಂ ಎಳೆಯಿರಿ: ಹೊರಮೈ, ಒಳಗಿನ ಸೌಕರ್ಯ, ಎಂಜಿನ್ ಮತ್ತು ಗೇರು, ಸುರಕ್ಷತೆ. ಬದಲಾದದ್ದನ್ನು ಆಯಾ ಕಲಂನಲ್ಲಿ ಬರೆಯಿರಿ. ನನ್ನ ತಮ್ಮ ಬರೆದ ಹಾಳೆಯಲ್ಲಿ ಮೊದಲ ಎರಡು ಕಲಂ ತುಂಬಿಹೋದವು, ಮೂರನೆಯದು ಖಾಲಿ, ನಾಲ್ಕನೆಯದರಲ್ಲಿ ಒಂದೇ ಸಾಲು. ಆ ಹಾಳೆ ನೋಡಿದ ಮೇಲೆ ಅವನ ದನಿಯೇ ಬದಲಾಯಿತು.

ಗಮನ ಇರಲಿ, ಹೋಲಿಸುವಾಗ ಒಂದೇ ವೇರಿಯಂಟ್, ಅಂದರೆ ಒಂದೇ ದರ್ಜೆಯ ಗಾಡಿ ಹೋಲಿಸಿ. ಹಳೇದರ ನಡುವಿನ ವೇರಿಯಂಟಿಗೆ ಹೊಸದರ ಟಾಪ್ ಎಂಡ್ ಹೋಲಿಸಿದರೆ ಎಲ್ಲವೂ ಹೊಸದಾಗಿಯೇ ಕಾಣುತ್ತದೆ.

ಎರಡನೇ ಹೆಜ್ಜೆ: ಆ ಹಾಳೆಯನ್ನು ನಮ್ಮ ಬಿಸಿಲಿಗೆ, ನಮ್ಮ ರಸ್ತೆಗೆ ಹಿಡಿದು ನೋಡಿ

ಬೆಂಗಳೂರಿನವರು ಬರೆದ ವಿಮರ್ಶೆ ಓದಿ ನಾವು ಗಾಡಿ ಕೊಂಡರೆ ಸರಿಹೋಗುವುದಿಲ್ಲ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ತೋರಣಗಲ್ಲು, ಸಂಡೂರು ಕಡೆ ಅದಿರಿನ ಕೆಂಪು ಧೂಳು. ಸಿಂಧನೂರು, ಸಿರುಗುಪ್ಪ ಕಡೆ ಕಪ್ಪು ಮಣ್ಣು. ಮಳೆ ಬಂದರೆ ರಸ್ತೆ ಅಂಚು ಕುಸಿಯುತ್ತದೆ, ಒಣಗಿದರೆ ಅಲೆ ಅಲೆಯಾಗುತ್ತದೆ. ಇದಕ್ಕೆ ತಕ್ಕ ಬದಲಾವಣೆ ಬಂದಿದ್ದರೆ ದುಡ್ಡು ಕೊಡಿ. ಇಲ್ಲದಿದ್ದರೆ ಯೋಚಿಸಿ.

ತಂಪಿನಿಂದಲೇ ಶುರು ಮಾಡೋಣ. ಫೇಸ್‌ಲಿಫ್ಟಿನಲ್ಲಿ ಗಾಳಿ ಬರುವ ಸೀಟು, ಅಂದರೆ ವೆಂಟಿಲೇಟೆಡ್ ಸೀಟು ಹೊಸದಾಗಿ ಸೇರಿದ್ದರೆ ಅದು ನಮ್ಮ ಊರಲ್ಲಿ ಸೋಕಿ ಅಲ್ಲ. ಮಧ್ಯಾಹ್ನ ಎರಡಕ್ಕೆ ಕೋರ್ಟಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಹತ್ತಿ ಹುಬ್ಬಳ್ಳಿಗೆ ಹೊರಟವರಿಗೆ ಕೇಳಿ, ಬೆನ್ನಿನ ಬೆವರು ಏನು ಅಂತ ಅವರು ಹೇಳುತ್ತಾರೆ. ಹಿಂದಿನ ಸೀಟಿಗೆ ಎಸಿ ಕಿಂಡಿ ಇದೆಯಾ, ಇದ್ದರೆ ಅದರ ಗಾಳಿ ನಿಜಕ್ಕೂ ತಣ್ಣಗಿದೆಯಾ ಅನ್ನುವುದು ಅದಕ್ಕಿಂತ ಮುಖ್ಯ. ಹಿಂದೆ ಕೂರುವವರು ಅವ್ವ, ಅಪ್ಪ, ಮಕ್ಕಳು.

ಸನ್‌ರೂಫಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಮಕ್ಕಳಿಗೆ ಇಷ್ಟ, ನಿಜ. ಆದರೆ ವರ್ಷದಲ್ಲಿ ಎಂಟು ತಿಂಗಳು ನಾವು ಅದರ ಪರದೆ ಎಳೆದೇ ಓಡಿಸುತ್ತೇವೆ. ಅದಿರು ಧೂಳು ಅದರ ರಬ್ಬರ್ ಸಂದಿಯಲ್ಲಿ ಕೂತು, ಮಳೆನೀರು ಹರಿದುಹೋಗುವ ಸಣ್ಣ ಪೈಪು ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಸನ್‌ರೂಫ್ ಇಲ್ಲದ ವೇರಿಯಂಟಿನಲ್ಲಿ ಉಳಿದದ್ದೆಲ್ಲ ಸಿಗುವುದಾದರೆ ಅದನ್ನೇ ತಗೊಳ್ಳಿ.

ಒಳಗಿನ ಬಣ್ಣವೂ ನೋಡಿ. ಹಳೇದರಲ್ಲಿ ಕಪ್ಪು ಇದ್ದದ್ದು ಹೊಸದರಲ್ಲಿ ಬಿಳಿ-ಕೆನೆ ಬಣ್ಣ ಆಗಿದ್ದರೆ ಫೋಟೋದಲ್ಲಿ ಚೆಂದ. ಸಂಡೂರಿಗೆ ವಾರಕ್ಕೆ ಎರಡು ಸಲ ಹೋಗುವವರ ಗಾಡಿಯಲ್ಲಿ ಆರು ತಿಂಗಳಿಗೆ ಬಾಗಿಲ ಕೆಳಭಾಗ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಎಸಿಯ ಕ್ಯಾಬಿನ್ ಫಿಲ್ಟರನ್ನೂ ಕಂಪನಿ ಹೇಳಿದ ಅವಧಿಗಿಂತ ಮೊದಲೇ ತೆಗೆದು ನೋಡುತ್ತಿರಿ.

ಈಗ ಟೈರು. ಇದನ್ನು ಯಾರೂ ನೋಡುವುದಿಲ್ಲ, ಆದರೆ ನಮ್ಮ ರಸ್ತೆಗೆ ಇದೇ ಜೀವ. ಗಾಡಿ ಗಟ್ಟಿಮುಟ್ಟಾಗಿ ಕಾಣಲಿ ಅಂತ ಫೇಸ್‌ಲಿಫ್ಟಿನಲ್ಲಿ ದೊಡ್ಡ ಅಲಾಯ್ ಚಕ್ರ ಹಾಕುವುದು ಕಂಪನಿಗಳ ರೂಢಿ. ಟೈರಿನ ಮೇಲೆ 185/60 ಆರ್15 ಅಂತ ಇದ್ದರೆ ಅಗಲ 185 ಮಿಲಿಮೀಟರ್, ಪಕ್ಕದ ರಬ್ಬರಿನ ಎತ್ತರ ಅದರ ಶೇ 60, ಅಂದರೆ 111 ಮಿಲಿಮೀಟರ್. ಅದೇ 185/55 ಆರ್16 ಆದರೆ ಎತ್ತರ ಸುಮಾರು 102. ಹೋಂಡಾ ಸಿಟಿಯಲ್ಲೇ ಈ ಎರಡೂ ಅಳತೆ ಬೇರೆ ಬೇರೆ ವೇರಿಯಂಟಿನಲ್ಲಿ ಬಂದಿವೆ. ಒಂಬತ್ತು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ರಾತ್ರಿ ಗುಂಡಿಗೆ ಬಿದ್ದಾಗ ಅಲಾಯ್ ಅಂಚು ಸೊಟ್ಟ ಆಗುವುದೋ ಬಿಡುವುದೋ ತೀರ್ಮಾನ ಆಗುವುದು ಆ ಒಂಬತ್ತರಲ್ಲೇ. ಬುಕ್ ಮಾಡುವ ಮುಂಚೆ ನಿಮ್ಮ ಊರಿನ ಟೈರ್ ಅಂಗಡಿಗೆ ಹೋಗಿ ಆ ಅಳತೆ ಹೇಳಿ, ಸ್ಟಾಕ್ ಇದೆಯಾ, ಎಷ್ಟು ಅಂತ ಕೇಳಿ. "ತರಿಸಿಕೊಡ್ತೀವಿ" ಅಂದರೆ ಅದನ್ನೂ ಹಾಳೆಯಲ್ಲಿ ಬರೆಯಿರಿ.

ನೆಲದಿಂದ ಎತ್ತರದ ಮಾತು. ಸ್ಕೋಡಾ ಸ್ಲಾವಿಯಾಗೆ ಖಾಲಿ ಗಾಡಿಯಲ್ಲಿ 179 ಮಿಲಿಮೀಟರ್, ಸಿಟಿಗೆ 165 ಅಂತ ಕೊಡುತ್ತಾರೆ. ನಮಗೆ ಬೇಕಾದ್ದು ತುಂಬಿದ ಗಾಡಿಯ ಲೆಕ್ಕ. ನಾನು ಮಾಡುವುದು ಹೀಗೆ: ಟೆಸ್ಟ್ ಡ್ರೈವ್ ಗಾಡಿಯಲ್ಲಿ ಮನೆಯ ಐದು ಜನ ಕೂರುತ್ತೇವೆ. ಡಿಕ್ಕಿಯಲ್ಲಿ 25 ಕೆಜಿಯ ಎರಡು ಚೀಲ ಸೋನಾ ಮಸೂರಿ. ಹೇಗೂ ನಮ್ಮ ಕಡೆಯಿಂದ ಬೆಂಗಳೂರಿನ ನೆಂಟರ ಮನೆಗೆ ಹೋಗುವಾಗ ಅಕ್ಕಿ ಚೀಲ ಇಲ್ಲದೆ ಯಾರು ಹೋಗುತ್ತಾರೆ? ಆಮೇಲೆ ಒಬ್ಬರು ಕೆಳಗಿಳಿದು ಟೇಪ್ ಹಿಡಿದು, ಮುಂದಿನ ಬಂಪರಿನ ಕೆಳ ಅಂಚಿನಿಂದ ನೆಲಕ್ಕೆ ಎಷ್ಟಿದೆ, ನಡುವೆ ತಗ್ಗಿದ ಜಾಗದಲ್ಲಿ ಎಷ್ಟಿದೆ ಅಳೆಯುತ್ತಾರೆ. ಇಳಿದವರ ಜಾಗಕ್ಕೆ ಶೋರೂಮಿನ ಹುಡುಗನನ್ನೇ ಕೂರಿಸಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಬಂಪರಿನ ಅಂಚು ಅಂತ ಒತ್ತಿ ಹೇಳಲು ಕಾರಣ ಇದೆ. ಫೇಸ್‌ಲಿಫ್ಟಿನಲ್ಲಿ ಮುಂದಿನ ಬಂಪರನ್ನು ಕೆಳಗೆ, ಮುಂದಕ್ಕೆ ಚಾಚುವುದು ಉಂಟು. ಬ್ರೋಷರಿನ ಎತ್ತರ ಬದಲಾಗಿರುವುದಿಲ್ಲ, ರಸ್ತೆಯ ಹಂಪ್‌ಗೆ ತಾಗುವ ಜಾಗ ಬದಲಾಗಿರುತ್ತದೆ. ನನ್ನ ಗಾಡಿ ಫೇಸ್‌ಲಿಫ್ಟ್ ಆದ ಹೊಸದರಲ್ಲಿ ಕೊಂಡದ್ದು. ಎರಡನೇ ತಿಂಗಳಲ್ಲೇ ಸಿರುಗುಪ್ಪ ದಾಟಿ ಒಂದು ಹಳ್ಳಿಯ ಹಂಪಿನಲ್ಲಿ ಬಂಪರ್ ಕೆಳಗಿನ ಪಟ್ಟಿ ಕಿತ್ತು ಬಂತು. ಭತ್ತದ ಕೊಯ್ಲು ಮುಗಿದ ಕಾಲ. ರಸ್ತೆಯ ಅರ್ಧಕ್ಕೆ ಭತ್ತ ಒಣಗಲು ಹಾಕಿ ಸುತ್ತ ಕಲ್ಲು ಇಟ್ಟಿದ್ದರು, ಹಂಪು ಕಾಣಲಿಲ್ಲ. ವರ್ಕ್‌ಶಾಪಿಗೆ ಹೋದರೆ, "ಹಳೇ ಮಾಡೆಲಿನದು ಇದೆ ಸಾರ್, ಹೊಸದರದು ಇನ್ನೂ ಬಂದಿಲ್ಲ" ಅಂದರು. ಮೂರು ವಾರ ಬೈಂಡಿಂಗ್ ವೈರಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಅಂದಿನಿಂದ ಹೇಳುತ್ತೇನೆ: ಹೊಸ ಮುಖದ ಗಾಡಿ ಬಂದ ಮೊದಲ ನಾಲ್ಕೈದು ತಿಂಗಳು ಬಂಪರ್, ದೀಪ, ಗ್ರಿಲ್ಲು ನಮ್ಮ ಜಿಲ್ಲೆಯ ವರ್ಕ್‌ಶಾಪಿನಲ್ಲಿ ಕೈಗೆ ಸಿಗುವ ಹಾಗೆ ಇರುತ್ತವೆ ಅಂತ ನಂಬಬೇಡಿ. ಬುಕ್ ಮಾಡುವ ದಿನವೇ ಬಿಡಿಭಾಗದ ಕೌಂಟರಿಗೆ ಹೋಗಿ ಕೇಳಿ.

ದೀಪವೂ ಅಷ್ಟೇ. ಹಳೇ ಹ್ಯಾಲೊಜನ್ ಬಲ್ಬು ಹೋದರೆ ಯಾವ ಎಲೆಕ್ಟ್ರಿಷಿಯನ್ ಅಂಗಡಿಯಲ್ಲೂ ಹೊಸದು ಹಾಕಿಸಬಹುದು. ಎಲ್‌ಇಡಿ ದೀಪ ಕೆಟ್ಟರೆ ಬಹಳ ಗಾಡಿಗಳಲ್ಲಿ ಇಡೀ ಸೆಟ್ಟೇ ಬದಲಾಯಿಸಬೇಕು. ಬೆಳಕು ಒಳ್ಳೆಯದು, ಬೇಡ ಅನ್ನುವುದಿಲ್ಲ. ಒಂದು ಸೆಟ್ಟಿನ ಬೆಲೆ ಕೇಳಿ ಇಟ್ಟುಕೊಳ್ಳಿ, ಇನ್ಶೂರೆನ್ಸಿನಲ್ಲಿ ಜೀರೊ ಡೆಪ್ರಿಸಿಯೇಷನ್, ಅಂದರೆ ಸವಕಳಿ ಕಳೆಯದೆ ಬಿಡಿಭಾಗದ ದುಡ್ಡು ಕೊಡುವ ಸೌಲಭ್ಯ ಹಾಕಿಸಿ.

ತಾನೇ ಬ್ರೇಕ್ ಹಾಕುವ, ಲೇನ್ ಹಿಡಿಯುವ ಎಡಾಸ್ ಬಗ್ಗೆ ಇಷ್ಟು ಹೇಳುತ್ತೇನೆ. ಹೆದ್ದಾರಿ 67ರಲ್ಲಿ ಕೊಪ್ಪಳ ದಾಟಿ ಹುಬ್ಬಳ್ಳಿ ಕಡೆ ಹೋಗುವಾಗ ನಿಜಕ್ಕೂ ನೆರವಾಗುತ್ತದೆ. ಆದರೆ ಹಳ್ಳಿ ರಸ್ತೆಯಲ್ಲಿ ಬಿಳಿ ಗೆರೆಯೇ ಇಲ್ಲದ ಕಡೆ ಲೇನ್ ಹಿಡಿಯಲು ಏನೂ ಇಲ್ಲ. ರಾತ್ರಿ ಹಿಂದೀಪ ಇಲ್ಲದ ಟ್ರ್ಯಾಕ್ಟರ್, ಕಬ್ಬಿಣದ ಸರಳು ಹಿಂದಕ್ಕೆ ಚಾಚಿದ ಲಾರಿ, ಎಮ್ಮೆ ಹಿಂಡು ಇವನ್ನೆಲ್ಲ ಅದು ಕಂಡುಹಿಡಿದೇ ಹಿಡಿಯುತ್ತದೆ ಅಂತ ಕಾಲು ಬ್ರೇಕಿನಿಂದ ತೆಗೆಯಬೇಡಿ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲೇ ಅದರ ಮಿತಿ ಬರೆದಿರುತ್ತಾರೆ, ಓದಿ. ಮುಂದಿನ ಗಾಜು ಒಡೆದರೆ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಬೇಕು. ಆ ಉಪಕರಣ ಬಳ್ಳಾರಿಯಲ್ಲೇ ಇದೆಯಾ, ಬೇರೆ ಊರಿಗೆ ಗಾಡಿ ಒಯ್ಯಬೇಕಾ ಅಂತ ಮೊದಲೇ ಕೇಳಿ. ಅದಿರು ಲಾರಿ ಹಿಂದೆ ಹೋಗುವವರಿಗೆ ಗಾಜು ಒಡೆಯುವುದು ಹೊಸದಲ್ಲ.

ಮೂರನೇ ಹೆಜ್ಜೆ: ಸುರಕ್ಷತೆಯ ಸ್ಟಾರಿನ ತಾರೀಕು ನೋಡಿ

ಐದು ಸ್ಟಾರ್ ಅಂದ ತಕ್ಷಣ ಒಪ್ಪಬೇಡಿ, ಯಾವ ವರ್ಷದ ಪರೀಕ್ಷೆ ಅಂತ ಕೇಳಿ. ಗಾಡಿ ಗುದ್ದಿಸಿ ನೋಡಿ ಸ್ಟಾರ್ ಕೊಡುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ 2022ರಲ್ಲಿ ನಿಯಮ ಬಿಗಿ ಮಾಡಿತು. ಆ ಬಿಗಿ ನಿಯಮದಲ್ಲೇ 2023ರಲ್ಲಿ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, ವರ್ನಾ ಮೂರೂ ಐದು ಸ್ಟಾರ್ ತಗೊಂಡವು. ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾದದ್ದು 2023ರ ಅಕ್ಟೋಬರ್ 1ರಿಂದ. ಫೇಸ್‌ಲಿಫ್ಟಿನಲ್ಲಿ ಕೆಳಗಿನ ವೇರಿಯಂಟಿಗೂ ಆರು ಏರ್‌ಬ್ಯಾಗ್ ಬಂದಿದ್ದರೆ, ನನ್ನ ಮಟ್ಟಿಗೆ ಅದೊಂದೇ ಸಾಕು ಹೊಸದನ್ನು ತಗೊಳ್ಳಲು. ಇದರಲ್ಲಿ ಚೌಕಾಸಿ ಬೇಡ.

ನಾಲ್ಕನೇ ಹೆಜ್ಜೆ: ಹಳೇ ಸ್ಟಾಕಾ, ಹೊಸದಾ? ಲೆಕ್ಕ ಹಾಕಿ

ಹೊಸದು ಬರುತ್ತಿದೆ ಅಂದಾಗ ಶೋರೂಮಿನ ಅಂಗಳದಲ್ಲಿ ನಿಂತ ಹಳೇ ಗಾಡಿಗಳಿಗೆ ರಿಯಾಯಿತಿ ಶುರುವಾಗುತ್ತದೆ. ಇದು ಮೋಸ ಅಲ್ಲ, ಒಳ್ಳೆ ಅವಕಾಶವೇ. ಎಂಜಿನ್, ಸುರಕ್ಷತೆ ಎರಡೂ ಬದಲಾಗಿಲ್ಲ ಅಂತ ನಿಮ್ಮ ಹಾಳೆ ಹೇಳಿದರೆ, ನಾಲ್ಕೈದು ವರ್ಷ ಮಾರುವ ಯೋಚನೆ ಇಲ್ಲದವರು ಕಣ್ಣುಮುಚ್ಚಿ ಹಳೇದನ್ನು ತಗೊಳ್ಳಬಹುದು. ಎರಡು ಮೂರು ವರ್ಷಕ್ಕೇ ಬದಲಾಯಿಸುವ ಅಭ್ಯಾಸ ಇದ್ದರೆ ಬೇಡ, ಹಳೇ ಮುಖದ ಗಾಡಿಗೆ ಮರುಮಾರಾಟದಲ್ಲಿ ಬೆಲೆ ಬೇಗ ಇಳಿಯುತ್ತದೆ.

ರಿಯಾಯಿತಿ ಎಷ್ಟಿದ್ದರೆ ಸರಿ? ಇಲ್ಲಿ ಗಾಡಿ ತಯಾರಾದ ತಿಂಗಳು ಮುಖ್ಯ. ಇನ್ಶೂರೆನ್ಸ್ ಲೆಕ್ಕದಲ್ಲಿ ಆರು ತಿಂಗಳೊಳಗಿನ ಗಾಡಿಗೆ ಶೇ 5 ಸವಕಳಿ, ಆರು ತಿಂಗಳಿಂದ ಒಂದು ವರ್ಷಕ್ಕೆ ಶೇ 15, ಒಂದರಿಂದ ಎರಡು ವರ್ಷಕ್ಕೆ ಶೇ 20. ಹಳೇ ಗಾಡಿ ಕೊಳ್ಳುವವರೂ ಮುಂದೆ ಇದೇ ಥರ ಯೋಚಿಸುತ್ತಾರೆ. ಹನ್ನೆರಡು ಲಕ್ಷದ ಗಾಡಿ ಎಂಟು ತಿಂಗಳು ಅಂಗಳದಲ್ಲಿ ನಿಂತಿದೆ, ರಿಯಾಯಿತಿ 40 ಸಾವಿರ ಅಂದರೆ ನಾನು ಎದ್ದು ಬರುತ್ತೇನೆ. ಎರಡು ತಿಂಗಳ ಹಿಂದೆ ತಯಾರಾದದ್ದಕ್ಕೆ ಅಷ್ಟು ಬಿಟ್ಟರೆ ಮಾತಾಡಬಹುದು.

ತೆರಿಗೆಯ ಮಾತೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ನಾಲ್ಕು ಮೀಟರಿಗಿಂತ ಉದ್ದದ, 1500 ಸಿಸಿಯೊಳಗಿನ ಈ ಥರದ ಸೆಡಾನಿಗೆ ಮುಂಚೆ ಶೇ 28 ಜಿಎಸ್‌ಟಿ ಜೊತೆ ಶೇ 17 ಸೆಸ್, ಒಟ್ಟು 45 ಇತ್ತು. ಈಗ ಸೆಸ್ ಇಲ್ಲದೆ ಶೇ 40. ಹಾಗಾಗಿ ಅದಕ್ಕಿಂತ ಹಿಂದಿನ ದರಪಟ್ಟಿ ತೋರಿಸಿ "ಇಷ್ಟು ಇಳಿಸಿದೀವಿ" ಅಂದರೆ, ಎಷ್ಟು ತೆರಿಗೆಯಿಂದ ಇಳಿದದ್ದು, ಎಷ್ಟು ನಿಜವಾದ ರಿಯಾಯಿತಿ ಅಂತ ಬಿಡಿಸಿ ಕೇಳಿ.

ಕರ್ನಾಟಕದ ಜೀವಾವಧಿ ರಸ್ತೆ ತೆರಿಗೆ 5ರಿಂದ 10 ಲಕ್ಷದೊಳಗೆ ಶೇ 14 ಇದ್ದರೆ, 10 ಲಕ್ಷ ದಾಟಿದರೆ 20 ಲಕ್ಷದವರೆಗೆ 17. ಅದರ ಮೇಲೆ ಸೆಸ್ ಬೇರೆ. 9.9 ಲಕ್ಷದ ಗಾಡಿಗೆ ತೆರಿಗೆ 1,38,600, 10.1 ಲಕ್ಷದ್ದಕ್ಕೆ 1,71,700. ಗಾಡಿ ಬೆಲೆಯಲ್ಲಿ ಫರಕು 20 ಸಾವಿರ, ತೆರಿಗೆಯಲ್ಲಿ 33 ಸಾವಿರದ ಮೇಲೆ! ಕೆಳಗಿನ ವೇರಿಯಂಟ್ ನೋಡುವವರು ಫೇಸ್‌ಲಿಫ್ಟಿನಿಂದ ಬೆಲೆ ಈ ಗೆರೆ ದಾಟಿತಾ ಅಂತ ನೋಡಲೇಬೇಕು. 10 ಲಕ್ಷ ಮೀರಿದರೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ ಕೂಡ ಹಿಡಿಯುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ, ಪಾವತಿ ಇಟ್ಟುಕೊಳ್ಳಿ.

ಹಳೇ ಮಾದರಿಯ ಸೆಕೆಂಡ್ ಹ್ಯಾಂಡ್ ಗಾಡಿ ನೋಡುವವರಿಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಫೇಸ್‌ಲಿಫ್ಟ್ ಮುಂಚಿನ, 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿ ಆದರೆ ಅದಕ್ಕೆ ಯಾವ ಪೆಟ್ರೋಲ್ ಒಪ್ಪಿಗೆ ಅಂತ ಟ್ಯಾಂಕಿನ ಮುಚ್ಚಳದ ಒಳಗೆ ಅಥವಾ ಪುಸ್ತಕದಲ್ಲಿ ನೋಡಿ.

ಐದನೇ ಹೆಜ್ಜೆ: ಗಡಿ ಆಚೆ ಹೋಗುವ ಮುಂಚೆ

ರಾಯಚೂರಿನವರಿಗೆ ಹೈದರಾಬಾದ್, ಬಳ್ಳಾರಿಯವರಿಗೆ ಆದೋನಿ, ಕರ್ನೂಲು ಹತ್ತಿರ. ಅಲ್ಲಿ ಹಳೇ ಸ್ಟಾಕು ಜಾಸ್ತಿ, ಕಮ್ಮಿಗೆ ಕೊಡ್ತಾರೆ ಅನ್ನುವ ಮಾತು ಸದಾ ಇದೆ. ಇರಬಹುದು. ಆದರೆ ಜಿಎಸ್‌ಟಿ ಎಲ್ಲ ಕಡೆ ಒಂದೇ, ಗಾಡಿ ಇಲ್ಲಿ ಓಡಬೇಕಾದರೆ ರಸ್ತೆ ತೆರಿಗೆ ನಮ್ಮ ರಾಜ್ಯದ್ದೇ ಕಟ್ಟಬೇಕು. ತಾತ್ಕಾಲಿಕ ನೋಂದಣಿಯಲ್ಲಿ ತಂದು ಕೆಎ 34, ಕೆಎ 36 ಅಥವಾ ಕೆಎ 37 ಮಾಡಿಸುವ ಓಡಾಟ ನಿಮ್ಮದೇ. ಹಳೇ ಗಾಡಿ ಆದರೆ ಆ ಊರಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ತೆರಿಗೆ ಮತ್ತೆ ಕಟ್ಟಬೇಕು. ಅದನ್ನೆಲ್ಲ ಕೂಡಿಸಿ ಆಮೇಲೆ ಅಗ್ಗವಾ ನೋಡಿ.

ಆರನೇ ಹೆಜ್ಜೆ: ಟೆಸ್ಟ್ ಡ್ರೈವ್ ನಿಮ್ಮ ರಸ್ತೆಯಲ್ಲಿ, ಮಧ್ಯಾಹ್ನ

ಶೋರೂಮಿನವರು ಬೆಳಿಗ್ಗೆ ಹತ್ತಕ್ಕೆ ಬೈಪಾಸಿನಲ್ಲಿ ಎರಡು ಕಿಲೋಮೀಟರ್ ಓಡಿಸಿ ಕಳಿಸುತ್ತಾರೆ. ಅಷ್ಟಕ್ಕೆ ಬಿಡಬೇಡಿ. ಮಧ್ಯಾಹ್ನ ಎರಡಕ್ಕೆ ಬರ್ತೀನಿ ಅನ್ನಿ. ಗಾಡಿಯನ್ನು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಎಸಿ ಹಾಕಿ ಗಡಿಯಾರ ನೋಡಿ. ಹಿಂದೆ ಕೂತ ಅವ್ವ "ಸಾಕಪ್ಪ, ತಣ್ಣಗಾತು" ಅನ್ನಲು ಎಷ್ಟು ನಿಮಿಷ ಬೇಕಾಯಿತು? ಹಳೇದಕ್ಕೂ ಹೊಸದಕ್ಕೂ ಇದೇ ಪರೀಕ್ಷೆ ಮಾಡಿ.

ಎಂಜಿನ್ ಬದಲಾಗಿದ್ದರೆ ಏರಿನಲ್ಲಿ ನೋಡಲೇಬೇಕು. ತೋರಣಗಲ್ಲಿನಿಂದ ಸಂಡೂರಿನ ಕಡೆ ಗುಡ್ಡ ಹತ್ತುವಾಗ, ಐದು ಜನ, ಎಸಿ ಹಾಕಿ, ಮುಂದೆ ಲೋಡ್ ಲಾರಿ. ಅಲ್ಲಿ ಮೂರನೇ ಗೇರಿನಲ್ಲಿ ಗಾಡಿ ಎಳೆಯುತ್ತದಾ, ಎರಡಕ್ಕೆ ಇಳಿಸಬೇಕಾ ಅನ್ನುವುದು ಕಾಲಿಗೇ ಗೊತ್ತಾಗುತ್ತದೆ. ಟರ್ಬೊಗೂ ಸಾದಾ ಪೆಟ್ರೋಲಿಗೂ ಇರುವ ಫರಕು ಬೈಪಾಸಿನಲ್ಲಿ ಅಷ್ಟು ತಿಳಿಯುವುದಿಲ್ಲ. ಡೀಸೆಲ್ ಹೋಯಿತಲ್ಲ ಅಂತ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಗಾಡಿ ನೋಡುವವರು ಡಿಕ್ಕಿ ತೆಗೆದು ನೋಡಿ. ಹೋಂಡಾ ಸಿಟಿಯ ಪೆಟ್ರೋಲ್ ಗಾಡಿಯಲ್ಲಿ 506 ಲೀಟರ್ ಇದ್ದ ಜಾಗ ಹೈಬ್ರಿಡ್‌ನಲ್ಲಿ ಬ್ಯಾಟರಿ ಕೂತು ಸುಮಾರು 200 ಲೀಟರ್ ಕಮ್ಮಿ ಆಯಿತು. ಅಕ್ಕಿ ಚೀಲ ಎರಡರ ಜೊತೆ ಸೂಟ್‌ಕೇಸ್ ಹಿಡಿಯುತ್ತದಾ ಇಟ್ಟೇ ನೋಡಿ.

ಮಂಡಿನೋವು ಇರುವ ಹಿರಿಯರನ್ನು ಎರಡು ಸಲ ಹತ್ತಿಸಿ, ಇಳಿಸಿ. ಫೇಸ್‌ಲಿಫ್ಟಿನಲ್ಲಿ ಸೀಟಿನ ಮೆತ್ತೆ ದಪ್ಪ ಮಾಡಿರುವುದು, ಕೂರುವ ಭಂಗಿ ತಿದ್ದಿರುವುದು ಬ್ರೋಷರಿನಲ್ಲಿ ಇರುವುದಿಲ್ಲ.

ಏಳನೇ ಹೆಜ್ಜೆ: ಡೆಲಿವರಿಗೆ ಮುಂಚೆ ಗಾಡಿ ಕೆಳಗೆ, ಮೇಲೆ, ಒಳಗೆ

ಹಣ ಪೂರ್ತಿ ಕಟ್ಟುವ ಮುಂಚೆ, ನೋಂದಣಿಗೂ ಮುಂಚೆ, ನಿಮಗೆ ಕೊಡುವ ಗಾಡಿಯನ್ನೇ ಹಗಲಲ್ಲಿ ತೋರಿಸಿ ಅನ್ನಿ. ಹಳೇ, ಹೊಸ ಎರಡೂ ಒಟ್ಟಿಗೆ ಮಾರುವ ತಿಂಗಳುಗಳಲ್ಲಿ ಇದು ತೀರಾ ಅಗತ್ಯ.

ನನ್ನ ತಮ್ಮನ ಜೊತೆ ನಾನೇ ಹೋಗಿದ್ದೆ. ಅಂಗಳದ ಮೂಲೆಯಲ್ಲಿ ಗಾಡಿ ನಿಂತಿತ್ತು, ಮೇಲೆಲ್ಲ ಬೂದಿ ಎರಚಿದ ಹಾಗೆ ಧೂಳು. ಮುಂದಿನ ಗಾಜಿನ ಕೆಳಮೂಲೆಯನ್ನು ಕರ್ಚೀಫಿನಿಂದ ಒರೆಸಿದೆ. ಛಾಸಿ ನಂಬರಿನ ಪಟ್ಟಿ ಕಂಡಿತು, 17 ಅಕ್ಷರ-ಅಂಕಿ. ಅವನು ಒಂದೊಂದೇ ಓದಿದ, ನಾನು ಕಾಗದದ ಮೇಲೆ ಬೆರಳಿಟ್ಟು ಸರಿ, ಸರಿ ಅಂದೆ. ಆಮೇಲೆ ಟೈರ್ ಹತ್ತಿರ ಕುಕ್ಕರುಗಾಲಲ್ಲಿ ಕೂತೆವು. ಟೈರಿನ ಪಕ್ಕದಲ್ಲಿ ಸಣ್ಣ ಚೌಕದೊಳಗೆ ನಾಲ್ಕು ಅಂಕಿ ಇರುತ್ತವೆ. 1825 ಅಂದರೆ 2025ರ 18ನೇ ವಾರ. ನಾಲ್ಕು ಟೈರಿನದೂ ಹತ್ತಿರ ಹತ್ತಿರ ಇತ್ತು, ಸ್ಟೆಪ್ನಿಯದು ಮಾತ್ರ ತುಸು ಹಿಂದಿನದು. ಗಾಡಿ ತಯಾರಾದ ತಿಂಗಳು, ವರ್ಷ ನಮೂನೆ 21ರಲ್ಲಿ, ಅಂದರೆ ಮಾರಾಟ ಪತ್ರದಲ್ಲಿ ಬರೆದಿರುತ್ತಾರೆ. ಬಾಯಿಮಾತಿಗೆ ಒಪ್ಪದೆ ಅದನ್ನೇ ತೋರಿಸಿ ಅಂತ ಕೇಳಿ.

ಬಹಳ ದಿನ ನಿಂತ ಗಾಡಿಯಲ್ಲಿ ಬ್ಯಾಟರಿ ಇಳಿದಿರುತ್ತದೆ, ಟೈರ್ ಒಂದೇ ಕಡೆ ಚಪ್ಪಟೆಯಾಗಿರುತ್ತದೆ, ವೈಪರ್ ರಬ್ಬರ್ ಬಿಸಿಲಿಗೆ ಒಣಗಿರುತ್ತದೆ. ಬಾನೆಟ್ ತೆಗೆದು ಇಲಿ ವೈರ್ ಕಡಿದಿದೆಯಾ ನೋಡಿ. ಛಾವಣಿ ಮೇಲೆ ಹಕ್ಕಿ ಹಿಕ್ಕೆ ಬಿದ್ದು ಬಣ್ಣ ಕಚ್ಚಿದೆಯಾ ನೋಡಿ, ತೊಳೆಸಿದ ಮೇಲೇ ಅದು ಕಾಣುವುದು. ಓಡಿದ ಕಿಲೋಮೀಟರ್ ಜಾಸ್ತಿ ಇದ್ದರೆ ಟೆಸ್ಟ್ ಡ್ರೈವಿಗೆ ಬಳಸಿದ್ದಾ ಅಂತ ಕೇಳಿ. ಬಿಲ್ಲಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಸಾಲು ಇದ್ದರೆ ಏತಕ್ಕೆ ಅಂತ ಕೇಳಿ, ತೆಗೆಸಿ. ಇನ್ಶೂರೆನ್ಸನ್ನು ಅಲ್ಲೇ ಮಾಡಿಸಬೇಕು ಅನ್ನುವ ಕಾನೂನಿಲ್ಲ, ಹೊರಗಿನ ದರ ಕೈಯಲ್ಲಿ ಹಿಡಿದು ಹೋಗಿ.

ಹಳೇ ಗಾಡಿ ಈಗಾಗಲೇ ಇದ್ದವರಿಗೆ

ಹೊಸ ಮುಖದ ಬಂಪರ್, ದೀಪ ತಂದು ಹಳೇ ಗಾಡಿಗೆ ಕೂರಿಸಿ ಅಂತ ಗ್ಯಾರೇಜಿಗೆ ಬರುವವರಿದ್ದಾರೆ. ದಯವಿಟ್ಟು ಬೇಡ. ಬಂಪರಿನ ಹಿಂದೆ ಗುದ್ದಿದಾಗ ಹೊಡೆತ ತಾಳುವ ಭಾಗ, ಸೆನ್ಸರುಗಳ ಜಾಗ ಎಲ್ಲ ಆಯಾ ಮಾದರಿಗೆ ತಕ್ಕ ಹಾಗೆ ಇರುತ್ತವೆ. ವೈರಿಂಗ್ ಕತ್ತರಿಸಿದರೆ ವಾರಂಟಿ ಹೋಗುತ್ತದೆ, ಅಪಘಾತ ಆದಾಗ ಇನ್ಶೂರೆನ್ಸಿನವರ ಮುಂದೆ ನಿಮ್ಮ ಮಾತು ನಿಲ್ಲುವುದಿಲ್ಲ. ಆ ದುಡ್ಡಿಗೆ ನಾಲ್ಕು ಒಳ್ಳೆ ಟೈರ್ ಹಾಕಿಸಿ.

ನನ್ನ ತಮ್ಮ ಕೊನೆಗೆ ತಗೊಂಡದ್ದು ಹಳೇ ಮುಖದ್ದೇ, ತಯಾರಾಗಿ ಮೂರು ತಿಂಗಳಾದ ಗಾಡಿ. ಎಂಜಿನ್ ಅದೇ, ಏರ್‌ಬ್ಯಾಗ್ ಅಷ್ಟೇ, ಟೈರಿನ ರಬ್ಬರ್ ಎತ್ತರ ಜಾಸ್ತಿ. ಉಳಿದ ದುಡ್ಡಿನಲ್ಲಿ ಜೀರೊ ಡೆಪ್ರಿಸಿಯೇಷನ್ ಇನ್ಶೂರೆನ್ಸ್ ಮಾಡಿಸಿದ, ಹಿಂದಿನ ಕಿಟಕಿಗೆ ಬಿಸಿಲು ತಡೆಯುವ ತೆಗೆದಿಡುವಂಥ ಪರದೆ ತಂದ. ಮೊದಲ ದಿನ ಊರಿಗೆ ಒಯ್ದಾಗ ಓಣಿಯ ಹಂಪಿನ ಮುಂದೆ ನಿಲ್ಲಿಸಿ, ಎಲ್ಲರನ್ನೂ ಒಳಗೇ ಕೂರಿಸಿ, ತಾನೊಬ್ಬ ಇಳಿದು ಬಗ್ಗಿ ನೋಡಿದನಂತೆ. ದೊಡ್ಡಪ್ಪ ಫೋನ್ ಮಾಡಿ ಹೇಳಿದ್ರು: "ಎರಡು ಬೆರಳು ಜಾಗ ಉಳಿತಪ್ಪ, ತಾಗಲಿಲ್ಲ."